ಒದ್ದೆ ಬೆತ್ತ

"ಕೂರಬೇಡಿ!" ನುಬಿಯಾ ಕೂಗಿಬಿಟ್ಟಳು. ಅತ್ತೆಯೆದುರು ಅವಳು ದನಿಯೆತ್ತಿದ್ದು ಇದೇ ಮೊದಲು. ತೂಗುಕುರ್ಚಿಯಲ್ಲಿ ಇನ್ನೇನು ಕೂರಲಿದ್ದ ಹಸಿಂತಾ ಅಲ್ಲೇ ನಿಂತರು.

ಮಸಾಯಾ ಪಟ್ಟಣದ ಅವರ ಬೀದಿಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದವರು ಹಸಿಂತಾ ಒಬ್ಬರೇ. ಬೆರಳುಗಳು ಸೊಟ್ಟಗಾದ ಮೇಲೆ ಆ ಕೆಲಸ ನಿಂತಿತ್ತು. ಹರಿದುಹೋಗಿದ್ದ ಅವರ ಕುರ್ಚಿಯನ್ನು ಸೊಸೆ, ಹಿಂದೆ ಅವರನ್ನು ನೋಡಿ ಕಲಿತಷ್ಟರಲ್ಲೇ, ಇವತ್ತು ಹೆಣೆದು, ಅವರು ಒಪ್ಪುವರೋ ಇಲ್ಲವೋ ಎಂದು ಅಳುಕುತ್ತ ನಿಂತಿದ್ದಳು.

"ನನ್ನ ಕುರ್ಚೀಲಿ ನಾನ್ಯಾಕೆ ಕೂರಬಾರ್ದು?"

"ನೆನೆಸಿ ಹೆಣೆದ ಬೆತ್ತ ಇನ್ನೂ ಒದ್ದೆ ಇದೆ ಅತ್ತೆ. ಈಗ ಕೂತ್ರೆ ಜೋಲುಬೀಳತ್ತೆ. ಒಣಗಿ ಬಿಗಿಯಾಗ್ಲಿ."

ಹಸಿಂತಾ ಬಗ್ಗಿ ಹೆಣಿಗೆಯ ಮೇಲೆ ಬೆರಳಾಡಿಸಿದರು. ಒಂದು ಎಳೆಯೂ ತಪ್ಪಿರಲಿಲ್ಲ. "ಒದ್ದೆ ಬೆತ್ತದ ಮೇಲೆ ಕೂರೋಕೆ ನಂಗೇನು ಹುಚ್ಚೇ? ನೀನು ತಡೀತೀಯೋ ಇಲ್ವೋ ಅಂತ ನೋಡ್ದೆ," ಎಂದವರೇ ಗೋಡೆಯಾಚೆಯ ಪಕ್ಕದ ಮನೆಯವಳನ್ನು ಕೂಗಿದರು: "ಏ ಸೊಕೋರೋ, ಆ ನಿನ್ನ ಹರಕು ಕುರ್ಚಿ ತಗೊಂಡ್ಬಾರೇ! ನಮ್ಮನೇಲಿ ಮತ್ತೆ ಹೆಣೀತಾರೆ."