ಗೆದ್ದವನ ಕಾಫಿ

"ನಿನ್ನೆ ಗವರ್ನರ್ ನನ್ನ ಬೂಟಿನ ಮೇಲೆ ಬಿದ್ದು ಅತ್ತುಬಿಟ್ಟ!"

ಹಿಮ ಮೆತ್ತಿದ ಬೂಟು ಒದರುತ್ತ ಲೊವೆಲ್ ಬ್ರಾಂಡ್ಸ್‌ಮಾ ವರ್ನಾಳ ಹೋಟೆಲಿಗೆ ನುಗ್ಗಿದ. ಅವನ ದನಿಗೆ ಪಕ್ಕದ ಕೌಂಟಿಯ ಹಂದಿಗಳೂ ಎದ್ದು ಕೂತಿರಬೇಕು. "ನಾನು ಕೇಳಿದ ಒಂದೊಂದು ಪ್ರಶ್ನೆಗೂ ಕೋರ್ಟಿನ ಕಿಟಕಿ ಗಾಜೆಲ್ಲ ಗಡಗಡ! ಜಡ್ಜ್ ಪೀಠದಿಂದ ಇಳಿದು ಬಂದು ಬೆನ್ನು ತಟ್ಟಿದ್ರು."

"ನಿನ್ನ ಜೊತೆ ಪೋಲ್ಕಾ ಕುಣೀಲಿಲ್ವೇ?" ಎಂದ ಜೋಳದ ಗೋದಾಮಿನ ಡ್ವೇನ್.

"ಕುಣಿಯೋಕೆ ಎದ್ರು ಕಣೋ. ನಾನೇ ಬೇಡ ಅಂದೆ."

ಲೊವೆಲ್ ರಾಜ್ಯದ ಲೆಕ್ಕಪರಿಶೋಧಕ, ಜನರ ವೋಟಿನಿಂದ ಗೆದ್ದವನು. ಅವನ ಚುನಾವಣೆಯ ಬೋರ್ಡು ವರ್ನಾಳ ಹೋಟೆಲಿನ ಕಿಟಕಿಯಲ್ಲಿ ಇನ್ನೂ ನಿಂತಿತ್ತು. ಸರ್ಕಾರದ ಮಾಜಿ ಸೈನಿಕರ ನಿಲಯಕ್ಕೆ ಕೋಣೆಗಳನ್ನು ಬೆಚ್ಚಗಿಡುವ ಹೊಸ ಬಾಯ್ಲರ್ ಹಾಕಿಸಲು ಮಂಜೂರಾದ ಹಣ ಎಲ್ಲಿ ಹೋಯಿತೆಂದು ಇಲಾಖೆ ಬಾಯಿ ಬಿಟ್ಟಿರಲಿಲ್ಲ. ಅದೇ ನಿಲಯದಲ್ಲಿ ವರ್ನಾಳ ಗಂಡ ಮರ್ಲ್ ಕೋಟು, ಟೋಪಿ ಹಾಕಿಕೊಂಡೇ ಮಲಗುತ್ತಿದ್ದ. ಹೋದ ತಿಂಗಳಿಂದ ಕೆಮ್ಮು. ಕೋರ್ಟಿಗೆ ಎಳೆದಾದರೂ ಆ ಲೆಕ್ಕ ಕಕ್ಕಿಸುತ್ತೇನೆಂದು ಲೊವೆಲ್ ಅವಳಿಗೆ ಮಾತು ಕೊಟ್ಟಿದ್ದ.

ವರ್ನಾ ಅವನ ಮುಖವನ್ನೇ ನೋಡುತ್ತ ಕಾಫಿ ಬಗ್ಗಿಸಿದಳು. ಕಪ್ಪು ತುಂಬಿ ಒಂದಿಷ್ಟು ತಟ್ಟೆಗೆ ಚೆಲ್ಲಿತು. ಮುಖದಲ್ಲಿ ನಗು ಇನ್ನೇನು ಮೂಡಬೇಕು, ಅಷ್ಟರಲ್ಲಿ ಲೊವೆಲ್ ಮಾತಿನ ಭರದಲ್ಲೇ ಮೇಜಿನ ಮೇಲಿದ್ದ ದಾಳದ ಬಟ್ಟಲಿಗೆ ಕೈ ಹಾಕಿದ.

ಆ ಮೇಜಿನ ಕಟ್ಟಳೆ ಅಜ್ಜಂದಿರ ಕಾಲದ್ದು. ದಾಳ ಕುಲುಕಿ ಸೋತವನು ಎಲ್ಲರ ಕಾಫಿಗೂ ದುಡ್ಡು ಕೊಡಬೇಕು. ಒಳ್ಳೆಯ ಸುದ್ದಿ ತಂದವನು ಮಾತ್ರ ದಾಳ ಮುಟ್ಟುವ ಹಾಗಿಲ್ಲ. ಮೊಮ್ಮಗು ಹುಟ್ಟಿರಲಿ, ಹಂದಿಗೆ ಒಳ್ಳೆ ಬೆಲೆ ಬಂದಿರಲಿ, ಅವತ್ತು ಎಲ್ಲರ ಕಾಫಿಯ ದುಡ್ಡೂ ಅವನದೇ.

ವರ್ನಾ ಬಟ್ಟಲಿನ ಬಾಯಿಗೆ ಅಂಗೈ ಮುಚ್ಚಿದಳು.

"ಗೆದ್ದು ಬಂದೋನು ದಾಳ ಯಾಕೆ ಮುಟ್ತೀಯಾ, ಲೊವೆಲ್?"

"ಅಭ್ಯಾಸ, ವರ್ನಾ. ಕೈ ತಾನಾಗೇ ಹೋಯ್ತು."

"ನಿನ್ನ ಬಾಯಿಗೆ ಬರೋ ಸುಳ್ಳು ಕೈಗೆ ಬರಲ್ಲ. ಹೇಳು."

ಲೊವೆಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಆರಡಿ ಆಳು ಕುರ್ಚಿಯಲ್ಲಿ ಅರ್ಧಕ್ಕರ್ಧ ಕುಸಿದ.

"ಕೋರ್ಟಿನ ಬಾಗಿಲೂ ನೋಡಲಿಲ್ಲ ಕಣಮ್ಮಾ. ಶಾಸನಸಭೆಯೋರು ಹೊಸ ಕಾನೂನು ತಂದ್ರು, ಗವರ್ನರ್ ಸಹಿನೂ ಹಾಕಾಯ್ತು. ಯಾವ ಇಲಾಖೆ ಖರ್ಚಿನ ಲೆಕ್ಕ ಮುಚ್ಚಿಟ್ರೂ ಇನ್ಮೇಲೆ ನಾನು ದಾವೆ ಹೂಡೋ ಹಾಗಿಲ್ಲ."

"ಮತ್ತೆ ಯಾರನ್ನ ಕೇಳ್ಬೇಕಂತೆ?"

"ಮೂರು ಜನರ ಸಮಿತಿನ. ಒಬ್ಬ ನನ್ನ ಕಡೆಯೋನು, ಒಬ್ಬ ಗವರ್ನರ್ ಕಡೆಯೋನು, ಇನ್ನೊಬ್ಬ..."

"ಇನ್ನೊಬ್ಬ?"

"ಅದೇ ಇಲಾಖೆಯೋನು."

"ಹಂದಿ ಕದ್ದೋನನ್ನೇ ಪಂಚಾಯ್ತಿಗೆ ಕೂರಿಸಿದ್ರು ಅನ್ನು," ಎಂದ ಡ್ವೇನ್.

"ನಿನ್ನೆ ಸಮಿತಿ ಸೇರ್ತು. ಕಾಫಿ ಆರೋದ್ರೊಳಗೆ ಮುಗೀತು. ಲೆಕ್ಕ ತೋರಿಸೋದು ಬೇಡ ಅಂತ ಅವರ ಕಡೆಯ ಇಬ್ಬರೂ ಕೈ ಎತ್ತಿದ್ರು," ಎಂದ ಲೊವೆಲ್ ತಲೆ ಎತ್ತದೆ. "ದಾರಿಯುದ್ದಕ್ಕೂ ಕಾರಲ್ಲಿ ಆ ಕಥೆ ಕಟ್ಟಿಕೊಂಡು ಬಂದೆ. ನಿನಗೆ ಇದನ್ನ ಹೇಗೆ ಹೇಳೋದು ಅಂತ ತೋಚಲಿಲ್ಲ."

ವರ್ನಾ ತಟ್ಟೆಗೆ ಚೆಲ್ಲಿದ ಕಾಫಿ ಒರೆಸಿದಳು. ಗಲ್ಲಾದ ಹಿಂದೆ ಮರ್ಲ್‌ಗೆಂದು ಕಟ್ಟಿಟ್ಟಿದ್ದ ಗಂಟಿನೊಳಗೆ ಇನ್ನೊಂದು ಕಂಬಳಿ ತುರುಕಿದಳು.

"ಅವನಿಗೆ ನಿನ್ನ ಮೊದಲನೇ ಕಥೆನೇ ಹೇಳ್ತೀನಿ," ಎಂದಳು. "ಕಿಟಕಿ ಗಾಜು ಗಡಗಡ ಅಂದಿದ್ದು ಮಾತ್ರ ಬೇಡ. ಆ ನಿಲಯದ ಚಳಿಗಾಳಿಗೆ ಅದನ್ನ ಅವನು ರಾತ್ರಿಯೆಲ್ಲಾ ಕೇಳ್ತಾನೇ ಇರ್ತಾನೆ."