ದಾರದ ಗಂಟು

"ಎರಡಿಂಚೋ ನಾಲ್ಕಿಂಚೋ, ಒಂದು ಹೇಳಿಬಿಡಿ ಅಕ್ಕ," ಎನ್ನುತ್ತ ಮೆಕ್ಯಾನಿಕ್ ಎರಡು ಜೊತೆ ಸ್ಪ್ರಿಂಗುಗಳನ್ನು ಅವಳ ಮುಂದಿಟ್ಟ. "ನಾಲ್ಕು ಎತ್ತರಿಸಿದ್ರೆ ನಿಮ್ಮ ದಾರಿಯ ಬಂಡೆಗೆ ಜೀಪಿನ ಹೊಟ್ಟೆ ತಾಗಲ್ಲ. ಎರಡಾದ್ರೆ ನಾನು ಗ್ಯಾರಂಟಿ ಕೊಡಲ್ಲ."

ಹೋದ ವಾರ ಅವಳು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅದೇ ಬಂಡೆ ಬಡಿದು, ಆಯಿಲ್ ಎಲ್ಲ ಸೋರಿ, ನಡುದಾರಿಯಲ್ಲಿ ಎರಡು ಗಂಟೆ ಕೂತಿದ್ದರು. ಆದರೆ ಜೀಪು ಎತ್ತರವಾದರೆ ಅಪ್ಪ ಹತ್ತುವುದು ಹೇಗೆ? ಅದಕ್ಕೇ, ಗ್ಯಾರೇಜಿನಲ್ಲಿ ಅಪ್ಪನನ್ನು ಮತ್ತೆ ಮತ್ತೆ ಎಬ್ಬಿಸಿ ದಣಿಸಬಾರದೆಂದು, ಬೆಳಿಗ್ಗೆ ಮನೆಯಲ್ಲೇ ಅವರಿಂದ ಕಾಲು ಎತ್ತಿಸಿ, ನೆಲದಿಂದ ಪಾದ ಎಲ್ಲಿಗೆ ಬಂತೋ ಅಲ್ಲಿಗೆ ದಾರದಲ್ಲಿ ಗಂಟು ಹಾಕಿ ತಂದಿದ್ದಳು. ಈಗ ದಾರದ ತುದಿಯನ್ನು ನೆಲಕ್ಕೊತ್ತಿ ಬಾಗಿಲ ಬಳಿ ಎಳೆದು ಹಿಡಿದಳು. ಗಂಟು ಕಾಲಿಡುವ ಜಾಗಕ್ಕಿಂತ ಎರಡೇ ಇಂಚು ಮೇಲಿತ್ತು.

"ಎರಡೇ ಹಾಕಿ," ಎಂದಳು. ಬಂಡೆ ಕಣ್ಣಿಗೆ ಕಟ್ಟಿದಂತಿತ್ತು.

ಜೊತೆಗೆ ಬಂದು ಮೂಲೆಯ ಟೈರುಗಳ ಮೇಲೆ ಕೂತಿದ್ದ ಅಪ್ಪ ಕೆಮ್ಮಿದರು. "ಆ ಗಂಟು ನಂಬಬೇಡ ಕಣಮ್ಮ. ನೀನು ಬಗ್ಗಿ ಪಾದಾನೇ ನೋಡ್ತಿದ್ದೆ. ನಾನು ಎರಡೂ ಕೈಲಿ ಪ್ಯಾಂಟ್ ಹಿಡಿದು ಕಾಲನ್ನ ಮೇಲೆಳ್ಕೊಂಡಿದ್ದೆ."

"ಯಾಕಪ್ಪ?"

"ಎತ್ತೋಕಾಗಲ್ಲ ಅಂದ್ರೆ ನೀನು ಆಸೆಪಟ್ಟು ತಗೊಂಡ ಜೀಪು ಮಾರಿಬಿಡ್ತೀಯ ಅಂತ."

"ಹಾಗಾದ್ರೆ ಇಷ್ಟು ದಿನ ಹೇಗೆ ಹತ್ತುತ್ತಿದ್ರಿ?"

"ನೀನು ಸುತ್ತಿಕೊಂಡು ಆ ಕಡೆ ಬಾಗಿಲಿಗೆ ಹೋಗೋ ತನಕ ಕಾಯ್ತಿದ್ದೆ. ಆಮೇಲೆ ಹೀಗೇ ಕಾಲನ್ನ ಕೈಲಿ ಎಳ್ಕೊಂಡು ಹತ್ತಿಬಿಡ್ತಿದ್ದೆ."

ಅವಳು ದಾರದ ಗಂಟು ಬಿಚ್ಚಿದಳು. "ನಾಲ್ಕೇ ಹಾಕಿ," ಎಂದಳು ಮೆಕ್ಯಾನಿಕ್‌ಗೆ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಇನ್ಮೇಲೆ ನಾನೇ ಹಿಡಿದು ಹತ್ತಿಸ್ತೀನಿ, ನೀವು ಕೂತ ಮೇಲೇ ಆ ಕಡೆ ಹೋಗ್ತೀನಿ."