ದಾರದವರೆಗೆ ನೀರು

ಶೀತಲ ಬಾಟಲಿಗೆ ನೀರು ತುಂಬುತ್ತಿದ್ದಳು. ಬಾಟಲಿಯ ನಡುವಿಗೆ ಕಟ್ಟಿದ ಕೆಂಪು ದಾರವನ್ನು ನೀರು ಮುಟ್ಟುತ್ತಲೇ ತಂಬಿಗೆ ಎತ್ತಿದಳು. ಅಣ್ಣ ಪ್ರಭುದಾಸನಿಗೆ ದಿನವಿಡೀ ಅಷ್ಟೇ ನೀರು. ಐದು ವರ್ಷದ ಹಿಂದೆ ಒಂಬತ್ತನೇ ಇಯತ್ತೆ ಬಿಟ್ಟು ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ಯತೊಡಗಿದ ದಿನದಿಂದ ಇದು ಅವಳ ಪಾಲಿನ ಕೆಲಸ.

“ಶೀತಲಾ, ಇನ್ನೊಂದ ಗುಟುಕು ಹಾಕ,” ಪಡಸಾಲೆಯ ಮಂಚದಿಂದ ಪ್ರಭುದಾಸ ಅಂದ.

“ದಾರ ದಾಟಂಗಿಲ್ಲ.”

“ಪೊಲೀಸರಕಿಂತ ಕಡಕ್ ಇದ್ದಿ ನೋಡು. ತಡಿ, ಸೋಮವಾರ ನಿನ್ನ ಕಿಡ್ನಿ ನನಗ ಬರ್ಲಿ, ಕೊಡಗಟ್ಟಲೆ ಕುಡೀತೀನಿ.”

ಅವನು ನಕ್ಕ. ಶೀತಲಳಿಗೆ ನಗು ಬರಲಿಲ್ಲ. ಸೋಮವಾರ ಹೈದರಾಬಾದಿನಲ್ಲಿ ಇಬ್ಬರ ಮೈಗೂ ಚಾಕು ತಾಗುವುದಿತ್ತು. ಡಾಕ್ಟರು ಕೇಳಿದಾಗ ಕೊಡುತ್ತೇನೆ ಎಂದವಳು ತಾನೇ. ಈಗಲೂ ಒಲ್ಲೆ ಅನ್ನುವವಳಲ್ಲ. ಅಂಜಿಕೆಯಾಗಿದೆ, ಅಷ್ಟೇ.

ಬಸವಕಲ್ಯಾಣದ ಚರ್ಚಿನ ಸಭೆಯಿಂದ ನಾಲ್ವರು ಹೆಂಗಸರು ಪ್ರಾರ್ಥನೆಗೆಂದು ಹುಮನಾಬಾದಿನ ಈ ಮನೆಗೆ ಬಂದಿದ್ದರು. ಅವ್ವ ಭೀಮಬಾಯಿ ಜಮಖಾನ ಹಾಸಿದಳು. ಮಗನ ಎರಡೂ ಕಿಡ್ನಿ ಹೋದವು ಎಂದು ಗೊತ್ತಾದ ದಿನ ಓಣಿಯೆಲ್ಲ ಅತ್ತಿತ್ತು. ಅವ್ವ ಮೊಣಕಾಲೂರಿ ಪ್ರಾರ್ಥಿಸಿ ಎದ್ದು, ಹಿಟ್ಟು ನಾದಿ, ಅಳುತ್ತ ಕೂತವರಿಗೆಲ್ಲ ರೊಟ್ಟಿ ಬಡಿದು ಹಾಕಿದ್ದಳು. ‘ಏಸಪ್ಪ ಕೈ ಬಿಡಂಗಿಲ್ಲ’ ಅಂದವಳು ಅಂದಿನಿಂದ ಅಲುಗಿಲ್ಲ. ಮನೆ ನಿಂತಿರುವುದೇ ಆ ಭರವಸೆಯ ಮೇಲೆ ಎಂದು ಶೀತಲಳಿಗೂ ಗೊತ್ತು. ಆದರೆ ಸಣ್ಣವರಿದ್ದಾಗ ಒಂದೇ ಚಾದರ ಹೊದ್ದು ಮಲಗಿದರೆ ಅದು ಅಣ್ಣನ ಕಡೆಗೇ ಸರಿಯುತ್ತಿತ್ತಲ್ಲ, ಹಾಗೆ ಆಗಿತ್ತು ಈ ಭರವಸೆಯೂ.

ಬಂದವರಲ್ಲಿ ಹಿರಿಯಳಾದ ಕಾಂತಾಬಾಯಿ ಶೀತಲಳನ್ನು ನೋಡಿದಳು. “ಹುಡುಗಿ ಅಂಜ್ಯಾಳೇನ್ರಿ?”

“ಆಕಿಗೇನಾಗ್ತದ್ರಿ? ಕಲ್ಲಿನಂಗ ಗಟ್ಟಿ ಅದಾಳ,” ಅಂದಳು ಅವ್ವ. “ಮಗನ ಸಲುವಾಗಿ ಪ್ರಾರ್ಥನಾ ಮಾಡ್ರಿ.”

“ಮತ್ತ ಯಾರದರ ಏನರ ಬೇಡಿಕಿ ಅದ ಏನ್ರಿ? ಈಗೇ ಹೇಳ್ರಿ,” ಅಂದಳು ಕಾಂತಾಬಾಯಿ.

ಒಬ್ಬಳು ಮಗನ ಪರೀಕ್ಷೆ ಅಂದಳು. ಒಬ್ಬಳು ಮೊಣಕಾಲು ನೋವು ಅಂದಳು. ಇನ್ನೊಬ್ಬಳ ಎಮ್ಮೆ ನಾಲ್ಕು ದಿನದಿಂದ ಮನೆಗೆ ಬಂದಿರಲಿಲ್ಲ. ಶೀತಲ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಸೆರಗು ತಲೆಗೆಳೆದು ಕಣ್ಣು ಮುಚ್ಚಿದ್ದರು.

ಅವ್ವ ಪ್ರಭುದಾಸನ ನೆತ್ತಿಯ ಮೇಲೆ ಕೈಯಿಟ್ಟು ಶುರು ಮಾಡಿದಳು. ಅವನ ಹೆಸರು ಹನ್ನೊಂದು ಸಲ ಬಂತು. ಶೀತಲ ಬೆರಳು ಮಡಚುತ್ತ ಹೋದಳು. ಪರೀಕ್ಷೆ ಬರೆಯುವವನ ಹೆಸರು ಬಂತು. ಎಮ್ಮೆಯ ಮಾತೂ ಬಂತು. “ಕಿಡ್ನಿ ಕೊಡೋರನ್ನ ಮನ್ಯಾಗೇ ಇಟ್ಟಿದ್ದೆಪ್ಪಾ, ನಿನಗ ಸ್ತೋತ್ರ,” ಎಂದಳು ಅವ್ವ. ಶೀತಲಳ ಪಾಲಿಗೆ ಬಂದದ್ದು ಅದೊಂದೇ ಮಾತು. ಅಣ್ಣನಿಗಾಗಿ ಬೇಡಿದ್ದಕ್ಕೆ ದೇವರು ಕೊಟ್ಟ ಉತ್ತರ ಅವಳು. ಉತ್ತರದ ಸಲುವಾಗಿ ಯಾರು ಬೇಡಿಕೊಳ್ಳುತ್ತಾರೆ?

ಅವ್ವನ ಅಂಗೈ ಕೆಳಗೆ ಅಣ್ಣನ ಮುಖ ಹಾಲು ಕುಡಿದು ಮಲಗಿದ ಕೂಸಿನಂತಾಗಿತ್ತು. ಅದನ್ನು ನೋಡುತ್ತ ನೋಡುತ್ತ ಶೀತಲಳ ಬಾಯಿ ಒಣಗಿತು. ಅವನ ಬಾಟಲಿಯನ್ನೇ ಎತ್ತಿ ಒಂದು ದೊಡ್ಡ ಗುಟುಕು ಕುಡಿದಳು. ನೀರು ದಾರದಿಂದ ಕೆಳಗಿಳಿಯಿತು. ಯಾರೂ ಕಣ್ಣು ತೆರೆಯಲಿಲ್ಲ.

ಈಗ ಎಲ್ಲರೂ ಒಟ್ಟಿಗೆ, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ದನಿಯೆತ್ತಿ ಪ್ರಾರ್ಥಿಸುತ್ತಿದ್ದರು. ಶೀತಲ ಬಾಟಲಿಯನ್ನು ಎದೆಗೆ ಅವುಚಿಕೊಂಡು ಆ ಗದ್ದಲದೊಳಗೆ ಹೇಳಿದಳು:

“ಅವ್ವಾ, ನನ್ನ ಹೆಸರೂ ಒಂದ ಸಲ ತಗೋ.”